ಸ್ಕೂಬಾ ಹಾರ್ನೆಸ್‌ಗೆ ಪಟ್ಟಿ ಮತ್ತು ಬಕಲ್ ಆರಿಸುವುದು ಹೇಗೆ? ಕರಾವಳಿಯ ಡೈವರ್‌ಗಳಿಗೊಂದು ಮಾರ್ಗದರ್ಶಿ

ಮಲ್ಪೆಯಲ್ಲಾಗಲಿ, ಮಂಗಳೂರಿನ ಬಂದರು ಪ್ರದೇಶದಲ್ಲಾಗಲಿ ಹಗ್ಗ, ಬಲೆ, ಬೆಲ್ಟ್ ಮಾರುವ ಅಂಗಡಿಗೆ ಹೋದರೆ ಎರಡು ಇಂಚು ಅಗಲದ ಪಟ್ಟಿ ಸಿಗದೇ ಇರುವುದಿಲ್ಲ. ಲಾರಿಯ ಲೋಡ್ ಬಿಗಿಯುವ ಬೆಲ್ಟ್, ಟ್ರಾವೆಲ್ ಬ್ಯಾಗಿನ ಪಟ್ಟಿ, ಕಾರಿನ ಸೀಟ್ ಬೆಲ್ಟ್ ಥರದ್ದು, ಎಲ್ಲ ಇರುತ್ತದೆ. ನೋಡುವುದಕ್ಕೆ ಎಲ್ಲವೂ ಕಪ್ಪು, ಎಲ್ಲವೂ ಗಟ್ಟಿ. ಹಾಗಿದ್ದ ಮೇಲೆ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಳ್ಳುವ ಸ್ಕೂಬಾ ಹಾರ್ನೆಸ್‌ಗೆ ಬೇರೆ ಪಟ್ಟಿ ಯಾಕೆ ಬೇಕು? ಡೈವಿಂಗ್ ಶುರು ಮಾಡಿ, ಸ್ವಂತ ಸಾಮಾನು ಕೊಳ್ಳುವ ಹಂತಕ್ಕೆ ಬಂದವರು ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ.

ತುಂಬಿದ ಒಂದು ಅಲ್ಯೂಮಿನಿಯಂ 80 ಸಿಲಿಂಡರ್ (ಸುಮಾರು 80 ಘನ ಅಡಿ ಗಾಳಿ ತುಂಬುವಂಥದ್ದು) ಸುಮಾರು 17-18 ಕಿಲೋ ತೂಗುತ್ತದೆ. ಸ್ಟೀಲ್ ಬ್ಯಾಕ್‌ಪ್ಲೇಟ್ (ಬೆನ್ನಿಗೆ ಬರುವ ಲೋಹದ ಹಲಗೆ), ರೆಗ್ಯುಲೇಟರ್ (ಉಸಿರಾಡುವ ಸಾಧನ) ಎಲ್ಲ ಸೇರಿದರೂ 25 ಕಿಲೋದ ಆಸುಪಾಸು. ಒಳ್ಳೆಯ ಎರಡು ಇಂಚಿನ ನೈಲಾನ್ ಪಟ್ಟಿಗೆ ಇದು ಲೆಕ್ಕಕ್ಕೇ ಇಲ್ಲದ ಭಾರ. ಹಾಗಾಗಿ ಪಟ್ಟಿ ಎಳೆತಕ್ಕೆ ತುಂಡಾಗುತ್ತದೆಯೋ ಎಂಬ ಚಿಂತೆ ಜಾಸ್ತಿ ಬೇಡ. ನೀರಿನಲ್ಲಿ ಕೈಕೊಡುವುದು ಬೇರೆ ಎರಡು ಸಂಗತಿ. ಒಂದು, ಒದ್ದೆಯಾದ ಪಟ್ಟಿ ಬಕಲ್‌ನೊಳಗೆ ಜಾರುವುದು. ಇನ್ನೊಂದು, ಉಪ್ಪಿಗೆ ಬಕಲ್ ತುಕ್ಕು ಹಿಡಿಯುವುದು ಅಥವಾ ಸಿಕ್ಕಿಹಾಕಿಕೊಳ್ಳುವುದು. ಈ ಎರಡನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಿದರೆ ಮುಕ್ಕಾಲು ಕೆಲಸ ಆದ ಹಾಗೆ.

ಇದು ತರಬೇತಿ ಮುಗಿಸಿ ಸರ್ಟಿಫಿಕೇಟ್ ಪಡೆದವರಿಗೆ, ಸ್ವಂತ ಬ್ಯಾಕ್‌ಪ್ಲೇಟ್ ಅಥವಾ ಹಳೆಯ ಬಿಸಿಡಿ (ತೇಲುವಿಕೆ ಹೊಂದಿಸಲು ಗಾಳಿ ತುಂಬುವ ಸಾಧನ) ಇಟ್ಟುಕೊಂಡವರಿಗೆ ಬರೆದದ್ದು. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಮೊದಲ ಸಲ ಹೋಗುವವರಾದರೆ ಸೆಂಟರ್‌ನವರು ಕೊಡುವ ಸಾಮಾನು ಸಾಕು. ಹಾಕಿಕೊಳ್ಳುವ ಮೊದಲು ಅದನ್ನು ಹೇಗೆ ನೋಡಬೇಕು ಎನ್ನುವುದಕ್ಕೂ ಈ ಲೇಖನ ಉಪಯೋಗಕ್ಕೆ ಬರಬಹುದು.

ಹಂತ 1: ಯಾವ ಪಟ್ಟಿ, ಯಾವ ಕೆಲಸ

ಅಂಗಡಿಗೆ ಹೋಗುವ ಮೊದಲು ನಿಮ್ಮ ಸಾಮಾನನ್ನು ನೆಲದ ಮೇಲೆ ಹರಡಿ. ಭುಜದ ಪಟ್ಟಿ, ಸೊಂಟದ ಪಟ್ಟಿ, ಕಾಲುಗಳ ನಡುವೆ ಬರುವ ಕ್ರಾಚ್ ಸ್ಟ್ರಾಪ್, ಸಿಲಿಂಡರ್ ಹಿಡಿಯುವ ಕ್ಯಾಮ್ ಬ್ಯಾಂಡ್, ಸೀಸ ಹಾಕುವ ವೇಟ್ ಬೆಲ್ಟ್. ಇವು ಮುಖ್ಯವಾದವು. ಎದೆಗೆ ಅಡ್ಡ ಬರುವ ಸಣ್ಣ ಪಟ್ಟಿ, ಟಾರ್ಚ್ ಕಟ್ಟುವ ಪಟ್ಟಿ, ಚಾಕು ಸಿಕ್ಕಿಸುವ ಪಟ್ಟಿ ಎರಡನೇ ಸಾಲಿನವು.

ಬ್ಯಾಕ್‌ಪ್ಲೇಟ್ ಬಳಸುವವರಲ್ಲಿ ಬಹಳ ಮಂದಿ ಭುಜಕ್ಕೂ ಸೊಂಟಕ್ಕೂ ಸೇರಿ ಒಂದೇ ಉದ್ದ ಪಟ್ಟಿಯನ್ನು ಪ್ಲೇಟಿನ ಸೀಳುಗಳಲ್ಲಿ ಪೋಣಿಸುತ್ತಾರೆ. ನಡುವೆ ಹೊಲಿಗೆ ಇಲ್ಲ, ಭುಜದಲ್ಲಿ ಪ್ಲಾಸ್ಟಿಕ್ ಬಕಲ್ ಇಲ್ಲ, ಸೊಂಟದಲ್ಲಿ ಮಾತ್ರ ಒಂದು ಸ್ಟೀಲ್ ಬಕಲ್. ಕೆಡುವ ಜಾಗ ಕಡಿಮೆ ಆದಷ್ಟೂ ಒಳ್ಳೆಯದು, ಅಲ್ವಾ? ನನ್ನ ಒಲವು ಇದರ ಕಡೆಗೇ.

ನಿಮ್ಮದು ಜಾಕೆಟ್ ಥರದ ಬಿಸಿಡಿ ಆದರೆ ಅದರ ಪಟ್ಟಿಗಳು ಬಟ್ಟೆಗೇ ಹೊಲಿದಿರುತ್ತವೆ. ಆ ಹೊಲಿಗೆ ಬಿಚ್ಚಿ ಹೊಸ ಪಟ್ಟಿ ಹಾಕಲು ಹೋಗಬೇಡಿ. ಕಂಪನಿಯ ಬಿಡಿಭಾಗ ತರಿಸಿ, ಸರ್ವಿಸ್ ಮಾಡುವವರ ಕೈಗೆ ಕೊಡಿ.

ಹಂತ 2: ಅಳತೆ

ಮುಖ್ಯ ಪಟ್ಟಿಗಳಿಗೆ ಎರಡು ಇಂಚು, ಅಂದರೆ ಸುಮಾರು 50 ಮಿ.ಮೀ. ಅಗಲ. ಕೆಲವು ಬಿಸಿಡಿಗಳ ಭುಜಕ್ಕೆ ಒಂದೂವರೆ ಇಂಚು. ಎದೆಯ ಪಟ್ಟಿಗೆ, ಸಣ್ಣಪುಟ್ಟ ಕೆಲಸಕ್ಕೆ ಒಂದು ಇಂಚು. ದಪ್ಪ ಎರಡರಿಂದ ಎರಡೂವರೆ ಮಿ.ಮೀ. ಇದ್ದರೆ ಸರಿ.

ಕಣ್ಣಂದಾಜು ಇಲ್ಲಿ ಆಗದು. 48 ಮಿ.ಮೀ. ಅಗಲದ ಪಟ್ಟಿಯನ್ನೂ ಅಂಗಡಿಯವರು ಎರಡು ಇಂಚು ಅಂತಲೇ ಕೊಡುತ್ತಾರೆ. ಅದು 51 ಮಿ.ಮೀ. ಕಂಡಿಯ ಬಕಲ್‌ನಲ್ಲಿ ಪಕ್ಕಕ್ಕೆ ಸರಿದಾಡುತ್ತದೆ. ಬಕಲ್‌ನ ಹಲ್ಲು ಪಟ್ಟಿಯ ಪೂರ್ತಿ ಅಗಲವನ್ನು ಕಚ್ಚದೆ ಒಂದು ಮೂಲೆಯನ್ನು ಮಾತ್ರ ಕಚ್ಚುತ್ತದೆ. ಪಟ್ಟಿ ತುಂಬಾ ದಪ್ಪ ಇದ್ದರೂ ಕಷ್ಟ, ಬಕಲ್ ಪೂರ್ತಿ ಮುಚ್ಚುವುದಿಲ್ಲ. ಸ್ಟೀಲ್ ಸ್ಕೇಲ್ ಒಂದನ್ನು ಕಿಸೆಯಲ್ಲಿಟ್ಟುಕೊಂಡು ಹೋಗಿ. ಇನ್ನೂ ಒಳ್ಳೆಯದೆಂದರೆ ಬಕಲನ್ನೇ ತೆಗೆದುಕೊಂಡು ಹೋಗಿ, ಅಂಗಡಿಯಲ್ಲೇ ಪಟ್ಟಿ ತೂರಿಸಿ ನೋಡಿ.

ಉದ್ದ ಎಷ್ಟು ಬೇಕು? ಒಂದೇ ಪಟ್ಟಿಯ ಹಾರ್ನೆಸ್‌ಗೆ ಸಾಮಾನ್ಯವಾಗಿ 12 ಅಡಿ, ಅಂದರೆ ಮೂರೂವರೆ ಮೀಟರ್‌ಗಿಂತ ಸ್ವಲ್ಪ ಹೆಚ್ಚು. ಮೈಕಟ್ಟು ದೊಡ್ಡದಾದರೆ ಇನ್ನೊಂದಿಷ್ಟು ಜಾಸ್ತಿ ತೆಗೆದುಕೊಳ್ಳಿ. ಕ್ರಾಚ್ ಸ್ಟ್ರಾಪ್ ಬೇರೆ. ಉಳಿದ ತುಂಡು ಎಲ್ಲಾದರೂ ಬಳಕೆಗೆ ಬರುತ್ತದೆ. ಮೊದಲೇ ಗಿಡ್ಡ ಕತ್ತರಿಸಿದರೆ ಜೋಡಿಸಲು ಆಗುವುದಿಲ್ಲ.

ಹಂತ 3: ನೈಲಾನೋ, ಪಾಲಿಯೆಸ್ಟರೋ, ಪಿಪಿಯೋ?

ಅಂಗಡಿಯವರನ್ನು ಕೇಳಿದರೆ "ಇದು ನೈಲಾನೇ ಮಾರಾಯ್ರೆ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಾರೆ ಎಂದಲ್ಲ. ಪ್ಲಾಸ್ಟಿಕ್ ನೂಲಿನ ಪಟ್ಟಿಗೆಲ್ಲ ನೈಲಾನ್ ಎನ್ನುವುದು ನಮ್ಮಲ್ಲಿ ರೂಢಿ. ಆದ್ದರಿಂದ ಒಂದು ಗೇಣು ತುಂಡು ಕೊಂಡು ತಂದು ಮನೆಯಲ್ಲಿ ಪರೀಕ್ಷೆ ಮಾಡಿ.

ಮೊದಲನೆಯದು ನೀರಿನ ಪರೀಕ್ಷೆ. ತುಂಡನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಗಾಳಿಗುಳ್ಳೆ ಬರುವುದು ನಿಲ್ಲುವ ತನಕ ಒಳಗೇ ಹಿಂಡಿ, ಆಮೇಲೆ ಕೈಬಿಡಿ. ತೇಲಿದರೆ ಅದು ಪಾಲಿಪ್ರೊಪಿಲೀನ್, ಅಂಗಡಿಯ ಮಾತಿನಲ್ಲಿ ಪಿಪಿ. ಮುಳುಗಿದರೆ ನೈಲಾನ್ ಅಥವಾ ಪಾಲಿಯೆಸ್ಟರ್. ಹಿಂಡದೆ ಹಾಗೇ ಬಿಟ್ಟರೆ ನೈಲಾನ್ ಕೂಡ ಒಳಗಿನ ಗಾಳಿಯಿಂದ ಸ್ವಲ್ಪ ಹೊತ್ತು ತೇಲುತ್ತದೆ. ಅದಕ್ಕೇ ಹಿಂಡುವುದು ಮುಖ್ಯ.

ಎರಡನೆಯದು ಬೆಂಕಿಯ ಪರೀಕ್ಷೆ. ಅಂಚಿನಿಂದ ನಾಲ್ಕೈದು ಎಳೆ ಬಿಡಿಸಿ, ಚಿಮಟದಲ್ಲಿ ಹಿಡಿದು ಹೊರಗೆ ಗಾಳಿ ಆಡುವ ಜಾಗದಲ್ಲಿ ಸುಡಿ. ಪಿಪಿ ಬೇಗ ಕರಗುತ್ತದೆ, ಮೇಣದಬತ್ತಿ ಆರಿಸಿದಾಗಿನ ವಾಸನೆ ಬರುತ್ತದೆ. ಪಾಲಿಯೆಸ್ಟರ್ ಸುಟ್ಟರೆ ಕಪ್ಪು ಮಸಿ ಹೊಗೆ, ಸ್ವಲ್ಪ ಸಿಹಿ ಎನ್ನಬಹುದಾದ ವಾಸನೆ. ನೈಲಾನ್ ಸುಟ್ಟಾಗ ಹೊಗೆ ಅಷ್ಟು ಕಪ್ಪಗಿರುವುದಿಲ್ಲ, ಕರಗಿ ತೊಟ್ಟಿಕ್ಕಿ ಗಟ್ಟಿ ಮಣಿಯಾಗುತ್ತದೆ.

ಪಿಪಿಯನ್ನು ಹಾರ್ನೆಸ್‌ಗೆ ಬಳಸಬೇಡಿ. ಅದು ಅಗ್ಗ, ನೀರು ಹೀರುವುದಿಲ್ಲ, ಹಗುರ, ಎಲ್ಲ ನಿಜ. ಆದರೆ ಮೇಲ್ಮೈ ನುಣುಪಾದ್ದರಿಂದ ಬಕಲ್‌ನಲ್ಲಿ ಜಾರುತ್ತದೆ. ನಮ್ಮ ಕಡೆಯ ಬಿಸಿಲಿಗೆ ಬೇಗ ಪುಡಿ ಏಳುತ್ತದೆ. ಬೋಟಿನ ಮೇಲೆ ಕೆಲವು ತಿಂಗಳು ಬಿದ್ದ ಅಗ್ಗದ ಪಟ್ಟಿಯನ್ನು ಬೆರಳಿನಿಂದ ಉಜ್ಜಿ ನೋಡಿ, ಕೈಗೆ ಬೂದಿಯಂಥ ಪುಡಿ ಅಂಟುತ್ತದೆ.

ನೈಲಾನ್ ಸವೆತ ತಡೆಯುತ್ತದೆ, ಬಕಲ್‌ಗೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ದೋಷ ಒಂದೇ. ಅದು ನೀರು ಕುಡಿಯುತ್ತದೆ, ಕುಡಿದಾಗ ಸ್ವಲ್ಪ ಹಿಗ್ಗುತ್ತದೆ. ಹೊಸ ಡೈವರ್‌ಗಳ ಸಿಲಿಂಡರ್ ಬ್ಯಾಂಡ್‌ನಿಂದ ಜಾರುವುದಕ್ಕೆ ದೊಡ್ಡ ಕಾರಣವೇ ಇದು. ಮುಂದೆ ಆ ಮಾತಿಗೆ ಬರುತ್ತೇನೆ.

ಪಾಲಿಯೆಸ್ಟರ್ ಬಿಸಿಲನ್ನು ನೈಲಾನ್‌ಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ, ಒದ್ದೆಯಾದಾಗ ಹಿಗ್ಗುವುದೂ ಕಡಿಮೆ. ಲಾರಿಯ ಲೋಡ್ ಬೆಲ್ಟ್ ಹೆಚ್ಚಾಗಿ ಪಾಲಿಯೆಸ್ಟರ್. ಕಾರಿನ ಸೀಟ್ ಬೆಲ್ಟ್ ಕೂಡ ಪಾಲಿಯೆಸ್ಟರೇ. ಹಾಗೆಂದು ಸೀಟ್ ಬೆಲ್ಟ್ ಪಟ್ಟಿ ತಂದು ಹಾರ್ನೆಸ್ ಮಾಡಬೇಡಿ. ಬಲಕ್ಕೆ ಏನೂ ಕಡಿಮೆ ಇಲ್ಲ, ಆದರೆ ತೆಳು, ನುಣುಪು, ಮೆತ್ತಗೆ. ಬಿಗಿ ನೇಯ್ಗೆಯ, ಗಟ್ಟಿ ಪಾಲಿಯೆಸ್ಟರ್ ಸಿಕ್ಕರೆ ಕ್ಯಾಮ್ ಬ್ಯಾಂಡ್‌ಗೆ ಚೆನ್ನಾಗಿಯೇ ಆಗುತ್ತದೆ. ಭುಜಕ್ಕೆ, ಸೊಂಟಕ್ಕೆ ನಾನು ಹೇಳುವುದು ಗಟ್ಟಿ ನೇಯ್ಗೆಯ ನೈಲಾನ್.

ಹಂತ 4: ಬಿಗುಪು ನೋಡಿ

ಪಟ್ಟಿಯ ಒಂದು ತುದಿಯನ್ನು ಹಿಡಿದು ಒಂದು ಅಡಿಯಷ್ಟನ್ನು ಅಡ್ಡವಾಗಿ ಚಾಚಿ. ತುದಿ ಕೂಡಲೇ ಜೋತು ಬಿದ್ದರೆ ಅದು ಮೆತ್ತಗಿನ ಪಟ್ಟಿ. ಸ್ವಲ್ಪವೇ ಬಾಗಿ ನಿಂತರೆ ಒಳ್ಳೆಯದು.

ಬಿಗುಪು ಯಾಕೆ ಬೇಕು ಎಂದರೆ, ಎದೆಯ ಮೇಲಿನ ಡಿ-ರಿಂಗ್ (ಸಾಮಾನು ಸಿಕ್ಕಿಸುವ D ಆಕಾರದ ಲೋಹದ ಬಳೆ) ನಿಲ್ಲುವುದು ಪಟ್ಟಿಯ ಬಲದಲ್ಲಿ. ಮೆತ್ತಗಿನ ಪಟ್ಟಿಯಲ್ಲಿ ರಿಂಗ್ ತೊನೆದು ಮಗುಚಿಕೊಳ್ಳುತ್ತದೆ. ನೀರಿನಡಿ ಕಣ್ಣು ಹಾಯಿಸದೆ ಕ್ಲಿಪ್ ಹಾಕಬೇಕು ಎಂದಾಗ ರಿಂಗ್ ಕೈಗೇ ಸಿಗುವುದಿಲ್ಲ. ಹಾರ್ನೆಸ್ ಹಾಕಿಕೊಳ್ಳುವಾಗಲೂ ಅಷ್ಟೆ. ಬಿಗಿ ಪಟ್ಟಿ ತೆರೆದು ನಿಂತಿರುತ್ತದೆ, ಕೈ ತೂರಿಸಿದರೆ ಆಯಿತು. ಅಲುಗಾಡುವ ಬೋಟಿನ ಮೇಲೆ ಇದು ದೊಡ್ಡ ಅನುಕೂಲ.

ಹಾಗೆಂದು ಹಲಗೆಯಂತೆ ಗಟ್ಟಿ ಇರುವುದೂ ಬೇಡ. ಅಂಥದ್ದರ ಅಂಚು ಕತ್ತಿನ ಬದಿಯನ್ನು ಉಜ್ಜುತ್ತದೆ. ನಮ್ಮ ಸಮುದ್ರದ ನೀರು ಬೆಚ್ಚಗೆ, ಸುಮಾರು 27-30 ಡಿಗ್ರಿ. ಹಾಗಾಗಿ ಇಲ್ಲಿ ತೆಳು ವೆಟ್‌ಸೂಟ್ ಅಥವಾ ಬರೀ ರ‍್ಯಾಶ್‌ಗಾರ್ಡ್ ಹಾಕುವವರೇ ಜಾಸ್ತಿ. ದಪ್ಪ ಸೂಟಿನವರಿಗೆ ಗೊತ್ತೇ ಆಗದ ಉಜ್ಜಾಟ ನಮಗೆ ಚರ್ಮ ಸುಲಿಯುವಷ್ಟು ಆಗುತ್ತದೆ. ಅಂಚನ್ನು ಕೆನ್ನೆಗೆ ತಾಗಿಸಿ ಎಳೆದು ನೋಡಿ. ಅಲ್ಲಿ ಚುಚ್ಚಿದರೆ ಕತ್ತಿಗೂ ಚುಚ್ಚುತ್ತದೆ.

ಹಂತ 5: ಸ್ಟೀಲ್ ಬಕಲ್

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಕರಾವಳಿಯಲ್ಲಿ ಸಾಮಾನು ಹಾಳಾಗುವುದು ಸಮುದ್ರದಲ್ಲಿ ಮಾತ್ರ ಅಲ್ಲ. ಮನೆಯ ಗೋಡೆಗೆ ತೂಗುಹಾಕಿದರೂ ಗಾಳಿಯ ಉಪ್ಪು ತಿನ್ನುತ್ತದೆ. ಪಣಂಬೂರು, ಸುರತ್ಕಲ್, ಕಾಪು, ಮಲ್ಪೆ ಕಡೆ ಕಡಲ ಹತ್ತಿರ ಮನೆ ಇರುವವರಿಗೆ ಕಿಟಕಿಯ ಸರಳು, ಗೇಟಿನ ಕೀಲು ನೋಡಿಯೇ ಇದು ಗೊತ್ತು.

"ಸ್ಟೇನ್‌ಲೆಸ್" ಎಂಬ ಹೆಸರಿನಲ್ಲಿ ಬೇರೆ ಬೇರೆ ಲೋಹ ಬರುತ್ತದೆ. ನಮ್ಮ ಮಾರುಕಟ್ಟೆಯಲ್ಲಿ ಅಗ್ಗದ 200 ಸರಣಿ, ಸಾಮಾನ್ಯ ಬಳಕೆಯ 304, ಸಮುದ್ರಕ್ಕೆಂದೇ ಹೇಳಿ ಮಾಡಿಸಿದಂಥ 316 ಸಿಗುತ್ತವೆ. ಈ 316ರಲ್ಲಿ ಶೇ 2ರಿಂದ 3ರಷ್ಟು ಮಾಲಿಬ್ಡಿನಂ ಇರುತ್ತದೆ. ಉಪ್ಪಿನ ಕ್ಲೋರೈಡ್ ಲೋಹದಲ್ಲಿ ಸಣ್ಣ ಸಣ್ಣ ಗುಳಿ ಕೊರೆಯುವುದನ್ನು ಅದು ತಡೆಯುತ್ತದೆ. ಸೊಂಟದ ಬಕಲ್, ಡಿ-ರಿಂಗ್, ಅದನ್ನು ಪಟ್ಟಿಯ ಮೇಲೆ ಹಿಡಿದಿಡುವ ಸ್ಲೈಡರ್ ಮೂರಕ್ಕೂ 316 ಕೇಳಿ. 304 ಆದರೆ ಪ್ರತಿ ಸಲ ಚೆನ್ನಾಗಿ ತೊಳೆದರೆ ಬಾಳುತ್ತದೆ, ಮೇಲೆ ಕಂದು ಕಲೆ ಬರುತ್ತದೆ ಅಷ್ಟೆ. 200 ಸರಣಿಯದ್ದು ಬೇಡವೇ ಬೇಡ.

ಅಯಸ್ಕಾಂತ ಹಿಡಿದು "ನೋಡಿ, ಅಂಟುವುದಿಲ್ಲ, ಒರಿಜಿನಲ್" ಎಂದು ತೋರಿಸುತ್ತಾರೆ. ಅದನ್ನು ನಂಬಿ ಕೊಳ್ಳಬೇಡಿ. 316 ಅಂಟುವುದಿಲ್ಲ, 304 ಕೂಡ ಅಂಟುವುದಿಲ್ಲ, 202 ಕೂಡ ಅಷ್ಟೆ. ಬಗ್ಗಿಸಿದ ಜಾಗದಲ್ಲಿ ಒಳ್ಳೆಯ 304 ಕೂಡ ಸ್ವಲ್ಪ ಅಂಟಬಹುದು. ಜೋರಾಗಿ ಅಂಟಿದರೆ ಮಾತ್ರ ಅದು ಬೇಡ ಎಂದು ತಿಳಿಯಿರಿ. ಸ್ಟೀಲ್ ವ್ಯಾಪಾರಿಗಳ ಹತ್ತಿರ ಮಾಲಿಬ್ಡಿನಂ ಪತ್ತೆ ಮಾಡುವ ದ್ರಾವಣದ ಸಣ್ಣ ಬಾಟಲಿ ಇರುವುದುಂಟು. ಪರಿಚಯದವರಿದ್ದರೆ ಒಂದು ಹನಿ ಹಾಕಿಸಿ ನೋಡಬಹುದು.

ಅದೂ ಇಲ್ಲದಿದ್ದರೆ ಮನೆಯಲ್ಲೇ ಕಾಯುವ ಪರೀಕ್ಷೆ ಇದೆ. ಬಕಲನ್ನು ಸಮುದ್ರದ ನೀರಿನಲ್ಲಿ ಅದ್ದಿ, ತೊಳೆಯದೆ ಹಾಗೇ ಒಣಗಲು ಬಿಡಿ. ಮಾರನೆ ದಿನ ಮತ್ತೆ ಅದ್ದಿ, ಮತ್ತೆ ಒಣಗಿಸಿ. ಹೀಗೆ ಒಂದೆರಡು ವಾರ. ಕಳಪೆ ಲೋಹವಾದರೆ ಬೆಸುಗೆಯ ಜಾಗದಲ್ಲಿ, ರಂಧ್ರದ ಒಳಅಂಚಿನಲ್ಲಿ ಕೆಂಪು ಚುಕ್ಕೆ ಏಳುತ್ತದೆ. ಮೊದಲು ನೋಡಬೇಕಾದ ಜಾಗವೂ ಅವೇ.

ಲಾರಿಯ ಲೋಡ್ ಬೆಲ್ಟ್ ಜೊತೆ ಬರುವ ಬಕಲ್ ಹಳದಿ ಮಿಶ್ರಿತ ಹೊಳಪಿನದು, ಸತುವಿನ ಲೇಪ ಕೊಟ್ಟ ಕಬ್ಬಿಣ. ಲೇಪ ಸವೆದ ಮೇಲೆ ತುಕ್ಕು ಓಡುತ್ತದೆ. ಸಾಲದ್ದಕ್ಕೆ, ಆ ತುಕ್ಕು ಪಟ್ಟಿಯನ್ನೂ ಕೆಡಿಸುತ್ತದೆ.

ಇನ್ನು ಬಕಲ್‌ನ ಕೆಲಸಗಾರಿಕೆ. ಪಟ್ಟಿ ಹಾಯುವ ಕಂಡಿಯ ಒಳಗೆ ಬೆರಳಿನ ತುದಿ ಓಡಿಸಿ. ಅಂಚು ಉರುಟಾಗಿರಬೇಕು. ಅಲ್ಲಿ ಚೂಪಾದ ಗೀಟು ಇದ್ದರೆ ಅದು ಪಟ್ಟಿಯ ಎಳೆಗಳನ್ನು ಒಂದೊಂದಾಗಿ ಕಡಿಯುತ್ತದೆ. ಡಿ-ರಿಂಗ್‌ನ ಎರಡು ತುದಿ ಬೆಸೆದಿದೆಯೋ, ಬರೀ ಒತ್ತಿ ಸೇರಿಸಿದ್ದೋ ನೋಡಿ. ಬೆಸೆಯದ ರಿಂಗ್ ತೂಕ ಬಿದ್ದಾಗ ಬಾಯಿ ಬಿಡುತ್ತದೆ. ಬಕಲ್‌ನ ಮುಚ್ಚಳವನ್ನು ಹತ್ತಿಪ್ಪತ್ತು ಸಲ ತೆಗೆದು ಹಾಕಿ. ಕೀಲು ಅಲ್ಲಾಡಬಾರದು, ಬಿಗಿಯಾಗಿ ಸಿಕ್ಕಿಕೊಳ್ಳಲೂಬಾರದು.

ಹಂತ 6: ಪ್ಲಾಸ್ಟಿಕ್ ಬಕಲ್

ಎದೆಯ ಪಟ್ಟಿಗೆ, ಬಿಸಿಡಿಯ ಭುಜಕ್ಕೆ 'ಟಕ್' ಎಂದು ಕೂರುವ ಕ್ಲಿಪ್ ಬಕಲ್ ಇರುತ್ತದೆ. ಒಳ್ಳೆಯವು ಅಸಿಟಾಲ್ ಪ್ಲಾಸ್ಟಿಕ್‌ನವು. ಕಂಪನಿಯ ಹೆಸರು, ಅಳತೆ ಅಚ್ಚಿನಲ್ಲೇ ಮೂಡಿರುತ್ತದೆ. ಬಕೆಟ್ ಪರೀಕ್ಷೆ ಇದಕ್ಕೂ ಆಗುತ್ತದೆ. ತೇಲಿದರೆ ಪಿಪಿ, ವಾಪಸ್ ಇಡಿ. ಮುಳುಗಿದ ಮಾತ್ರಕ್ಕೆ ಅಸಿಟಾಲ್ ಎಂದೇನೂ ಅಲ್ಲ, ಆದರೆ ಅತಿ ಅಗ್ಗದ್ದು ಅಲ್ಲಿಗೇ ಹೊರಬೀಳುತ್ತದೆ.

ಗಂಡು-ಹೆಣ್ಣು ಎರಡೂ ಭಾಗ ಒಂದೇ ಕಂಪನಿಯವು, ಒಂದೇ ಮಾದರಿಯವು ಇರಲಿ. ಬೇರೆ ಬೇರೆ ಜೋಡಿಸಿದರೂ 'ಟಕ್' ಎನ್ನಬಹುದು, ಭಾರ ಬಿದ್ದಾಗ ಬಿಟ್ಟುಕೊಳ್ಳುತ್ತದೆ. ಮರಳು ಸಿಕ್ಕಿದಾಗ ಇವು ತೆರೆಯುವುದೂ ಕಷ್ಟ. ನಮ್ಮ ಬೀಚುಗಳಿಂದ ನಡೆದು ನೀರಿಗಿಳಿಯುವವರು ಇದನ್ನು ಮರೆಯಬಾರದು.

ಹಂತ 7: ಪಟ್ಟಿ-ಬಕಲ್ ಜೋಡಿ ಪರೀಕ್ಷೆ

ಒಳ್ಳೆಯ ಪಟ್ಟಿ, ಒಳ್ಳೆಯ ಬಕಲ್ ಬೇರೆ ಬೇರೆ ತಂದ ಮಾತ್ರಕ್ಕೆ ಒಳ್ಳೆಯ ಜೋಡಿ ಆಗುವುದಿಲ್ಲ. ಈ ಲೇಖನದಲ್ಲಿ ಒಂದೇ ಹಂತ ಮಾಡುತ್ತೇನೆ ಎನ್ನುವವರು ಇದನ್ನು ಮಾಡಿ.

ಪಟ್ಟಿಯನ್ನು ಬಕಲ್‌ಗೆ ಹಾಕಿ, ಎರಡನ್ನೂ ಬಕೆಟ್ ನೀರಿನಲ್ಲಿ ಕನಿಷ್ಠ ಅರ್ಧ ಗಂಟೆ ನೆನೆಹಾಕಿ. ನಂತರ ಬಕಲ್ ಮುಚ್ಚಿ ಒಂದು ಕುಣಿಕೆ ಮಾಡಿ, ಗಟ್ಟಿ ಸರಳಿಗೆ ಅಥವಾ ಮರದ ಕೊಂಬೆಗೆ ತೂಗುಹಾಕಿ. ಬಕಲ್ ಅಂಚಿನಲ್ಲಿ ಪಟ್ಟಿಯ ಮೇಲೆ ಸೀಮೆಸುಣ್ಣ ಅಥವಾ ಬಿಳಿ ಪೇಂಟಿನ ಒಂದು ಗೀಟು ಎಳೆಯಿರಿ. ಕೆಳಗೆ 25 ಕಿಲೋದಷ್ಟು ಭಾರ ಕಟ್ಟಿ. ನೆಲದಿಂದ ಒಂದು ಗೇಣು ಎತ್ತರ ಸಾಕು, ಭಾರದ ಕೆಳಗೆ ಪಾದ ಇಡಬೇಡಿ. ತುಂಬಿದ ಸಿಲಿಂಡರನ್ನು ಈ ಕೆಲಸಕ್ಕೆ ಬಳಸಬೇಡಿ, ಅಕ್ಕಿಯ ಚೀಲ ಅಥವಾ ಮರಳಿನ ಚೀಲ ಆಗುತ್ತದೆ. ಹತ್ತು ನಿಮಿಷ ಬಿಡಿ. ಆಮೇಲೆ ಚೀಲ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ, ಯಾಕೆಂದರೆ ಪಟ್ಟಿ ಜಾರುವುದು ಸುಮ್ನೆ ತೂಗುವಾಗ ಅಲ್ಲ, ಎಳೆತ ಸಡಿಲವಾಗಿ ಮತ್ತೆ ಬಿಗಿಯುವಾಗ.

ಗೀಟು ಬಕಲ್‌ನಿಂದ ಒಂದೆರಡು ಮಿ.ಮೀ. ಸರಿದರೆ ಅದು ಪಟ್ಟಿ ಕೂತುಕೊಂಡದ್ದು, ಆಮೇಲೆ ನಿಲ್ಲಬೇಕು. ಪ್ರತಿ ಅಲುಗಾಟಕ್ಕೂ ಸರಿಯುತ್ತಲೇ ಇದ್ದರೆ ಆ ಜೋಡಿ ಬೇಡ. ಮೂರು ಕಂಬಿಯ ಸ್ಲೈಡರ್, ಅಂದರೆ ಟ್ರೈಗ್ಲೈಡ್ ಕೂಡ ಇದೇ ರೀತಿ ನೋಡಿ. ಡಿ-ರಿಂಗ್ ಹಿಡಿಯುವ ಸ್ಲೈಡರನ್ನು ಒದ್ದೆ ಪಟ್ಟಿಯ ಮೇಲೆ ಹೆಬ್ಬೆರಳಿನಿಂದ ತಳ್ಳಿ. ಸಲೀಸಾಗಿ ಸರಿದರೆ ಹಲ್ಲು ಇರುವ ಸ್ಲೈಡರ್ ತೆಗೆದುಕೊಳ್ಳಿ.

ಹಿಡಿಯುವುದರಷ್ಟೇ ಮುಖ್ಯ, ಬೇಕೆಂದಾಗ ಬಿಡುವುದು. ಹಾರ್ನೆಸ್ ಹಾಕಿಕೊಂಡು, ಕಣ್ಣು ಮುಚ್ಚಿ, ಒಂದೇ ಕೈಯಿಂದ ಬಕಲ್ ತೆರೆಯಿರಿ. ಬಲಗೈಯಿಂದ ತೆರೆಯುವಂತೆ ಜೋಡಿಸುವುದು ಡೈವಿಂಗ್‌ನಲ್ಲಿ ರೂಢಿ, ನಿಮ್ಮ ಜೊತೆಗಾರರ ಕೈಯೂ ಅಲ್ಲಿಗೇ ಹೋಗುತ್ತದೆ. ಗ್ಲೌಸ್ ಹಾಕುವವರು ಗ್ಲೌಸ್ ಹಾಕಿಯೇ ನೋಡಿ. ಎಡಗೈಯಿಂದಲೂ ಒಮ್ಮೆ ಪ್ರಯತ್ನಿಸಿ. ತಡಕಾಡಬೇಕಾಗಿ ಬಂದರೆ ಬಕಲ್‌ನ ಸ್ಥಾನ ಬದಲಿಸಿ.

ಹಂತ 8: ಕತ್ತರಿಸುವುದು, ಸುಡುವುದು, ಹೊಲಿಸುವುದು

ಪಟ್ಟಿ ಕತ್ತರಿಸಿದ ತುದಿ ಬಿಚ್ಚಿಕೊಳ್ಳದಂತೆ ಸುಡಬೇಕು. ಮೇಣದಬತ್ತಿಯ ಮಸಿ ಹಿಡಿಯುತ್ತದೆ, ಲೈಟರ್ ಪರವಾಗಿಲ್ಲ, ಬಿಸಿ ಮಾಡಿದ ಚಾಕು ಎಲ್ಲಕ್ಕಿಂತ ಚೆನ್ನ. ಕರಗಿದ ತುದಿಯನ್ನು ಬರಿಗೈಯಲ್ಲಿ ಒತ್ತಬೇಡಿ, ಚರ್ಮಕ್ಕೆ ಅಂಟಿ ಸುಡುತ್ತದೆ. ಒದ್ದೆ ಮಾಡಿದ ಚಮಚದ ಬೆನ್ನಿನಿಂದ ಚಪ್ಪಟೆ ಮಾಡಿ. ಗಟ್ಟಿ ಉಂಡೆ ಉಳಿದರೆ ಬಕಲ್‌ನಲ್ಲಿ ತೂರುವುದಿಲ್ಲ. ಸೊಂಟದ ತುದಿಯನ್ನು ಓರೆಯಾಗಿ ಕತ್ತರಿಸಿದರೆ ಬಕಲ್‌ಗೆ ಹಾಕುವುದು ಸುಲಭ. ತೂತು ಬೇಕಿದ್ದರೆ ಕತ್ತರಿಯಿಂದ ಚುಚ್ಚಬೇಡಿ. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್‌ನಿಂದ ಕರಗಿಸಿ ಮಾಡಿ, ಎಳೆ ಬಿಡುವುದಿಲ್ಲ.

ಕ್ರಾಚ್ ಸ್ಟ್ರಾಪ್‌ನ ಕುಣಿಕೆಗೆ, ಸಣ್ಣ ಪಟ್ಟಿಗಳಿಗೆ ಹೊಲಿಗೆ ಬೇಕಾಗುತ್ತದೆ. ಕುಶನ್ ವರ್ಕ್ಸ್‌ನವರ ಹತ್ತಿರ, ಬ್ಯಾಗ್ ರಿಪೇರಿಯವರ ಹತ್ತಿರ ದಪ್ಪ ಬಟ್ಟೆ ಹೊಲಿಯುವ ಮೆಷಿನ್ ಇರುತ್ತದೆ. ಅವರಿಗೆ ಎರಡು ಮಾತು ಹೇಳಿ. ನೂಲು ಹತ್ತಿಯದ್ದು ಬೇಡ, ಅದು ಕೊಳೆಯುತ್ತದೆ. ನೈಲಾನ್ ಅಥವಾ ಪಾಲಿಯೆಸ್ಟರ್ ನೂಲಿರಲಿ. ಹೊಲಿಗೆ ಚೌಕ ಹಾಕಿ, ಒಳಗೆ ಮೂಲೆಯಿಂದ ಮೂಲೆಗೆ ಗುಣಾಕಾರ ಚಿಹ್ನೆಯಂತೆ ಬರಲಿ. ಪಟ್ಟಿಯ ಬಣ್ಣಕ್ಕಿಂತ ಬೇರೆ ಬಣ್ಣದ ನೂಲು ಹಾಕಿಸಿದರೆ ಎಲ್ಲಿ ಸವೆದಿದೆ ಎಂದು ದೂರದಿಂದಲೇ ಕಾಣುತ್ತದೆ.

ಹಂತ 9: ಮೈಗೆ ಹೊಂದಿಸುವುದು

ನೀರಿನಲ್ಲಿ ಹಾಕುವ ಬಟ್ಟೆಯನ್ನೇ ಹಾಕಿಕೊಂಡು ಹೊಂದಿಸಿ. ಹೊಸಬರು ಭುಜದ ಪಟ್ಟಿಯನ್ನು ಬೇಕಾದ್ದಕ್ಕಿಂತ ಬಿಗಿ ಮಾಡುತ್ತಾರೆ. ಒಂದೇ ಪಟ್ಟಿಯ ಹಾರ್ನೆಸ್‌ನಲ್ಲಿ ಭುಜಕ್ಕೆ ಬಕಲ್ ಇಲ್ಲ, ಆದ್ದರಿಂದ ತೋಳು ಹೊರಗೆಳೆಯುವಷ್ಟು ಜಾಗ ಬೇಕು. ಎದೆ ಮತ್ತು ಪಟ್ಟಿಯ ನಡುವೆ ಅಂಗೈ ಚಪ್ಪಟೆಯಾಗಿ ಸಲೀಸಾಗಿ ಹೋಗಬೇಕು. ಕೈ ಹಿಂದಕ್ಕೆ ಹಾಕಿದರೆ ಪ್ಲೇಟಿನ ಮೇಲಂಚು ಬೆರಳಿಗೆ ಸಿಗಬೇಕು.

ಎದೆಯ ಡಿ-ರಿಂಗ್ ಸುಮಾರು ಕಂಕುಳಿನ ಮಟ್ಟದಲ್ಲಿ, ಎದುರು ಬದಿಯ ಕೈಗೆ ಸಿಗುವಂತೆ ಇರಲಿ. ಎಡ ಸೊಂಟದ ರಿಂಗ್ ಪ್ರೆಶರ್ ಗೇಜ್‌ಗೆ. ಸೊಂಟದ ಬಕಲನ್ನು ಸರೀ ನಡುವಿಗೆ ತರದೆ ಸ್ವಲ್ಪ ಪಕ್ಕಕ್ಕೆ ಇಡಿ, ನಡುವೆ ಕ್ರಾಚ್ ಸ್ಟ್ರಾಪ್‌ನ ಕುಣಿಕೆ ಬರುತ್ತದೆ. ಬಕಲ್ ದಾಟಿದ ಮೇಲೆ ಒಂದು ಗೇಣು ಬಾಲ ಉಳಿಯಲಿ. ಕ್ರಾಚ್ ಸ್ಟ್ರಾಪ್ ಹಾಕಿ ಸೊಂಟ ಬಗ್ಗಿಸಿ ನೋಡಿ, ಎಳೆಯಬಾರದು.

ವೇಟ್ ಬೆಲ್ಟ್ ಕಟ್ಟುವವರು ಗಮನಿಸಿ: ಅದು ಕ್ರಾಚ್ ಸ್ಟ್ರಾಪ್‌ನ ಮೇಲೆ, ಎಲ್ಲಕ್ಕಿಂತ ಹೊರಗೆ ಬರಬೇಕು. ಅದರ ಬಕಲ್ ತೆರೆದ ಕೂಡಲೇ ಸೀಸ ಎಲ್ಲಿಯೂ ಸಿಕ್ಕದೆ ಕೆಳಗೆ ಬೀಳಬೇಕು. ಇಲ್ಲಿ ರಾಜಿ ಇಲ್ಲ.

ಹೆಚ್ಚುವರಿ ಪಟ್ಟಿಯನ್ನು ಅದೇ ದಿನ ಕತ್ತರಿಸಬೇಡಿ. ಈಜುಕೊಳದಲ್ಲಿ, ಆಮೇಲೆ ಸಮುದ್ರದಲ್ಲಿ ಬಳಸಿ, ಎಲ್ಲ ಸರಿ ಅನಿಸಿದ ಮೇಲೆಯೇ ಕತ್ತರಿ. ಜೋಡಿಸಿದ್ದನ್ನು ನಿಮ್ಮ ಇನ್‌ಸ್ಟ್ರಕ್ಟರ್‌ಗೆ ಒಮ್ಮೆ ತೋರಿಸಿ.

ಹಂತ 10: ಸಿಲಿಂಡರ್ ಬ್ಯಾಂಡ್

ಕ್ಯಾಮ್ ಬ್ಯಾಂಡ್‌ನ ನೈಲಾನ್ ಪಟ್ಟಿಯನ್ನು ಒಣಗಿದ್ದಾಗ ಎಷ್ಟೇ ಬಿಗಿದರೂ ನೀರಿಗಿಳಿದ ಮೇಲೆ ಹಿಗ್ಗಿ ಸಡಿಲವಾಗುತ್ತದೆ. ಆದ್ದರಿಂದ ಬ್ಯಾಂಡನ್ನು ಮೊದಲೇ ನೆನೆಸಿ, ಒದ್ದೆ ಇರುವಾಗಲೇ ಬಿಗಿಯಬೇಕು. ಬೋಟಿನಲ್ಲಿ ಒಂದು ಬಕೆಟ್ ಸಮುದ್ರದ ನೀರು ಸಾಕು. ಬಿಗಿದ ಮೇಲೆ ಬಿಸಿಡಿಯನ್ನು ಮೇಲಿನ ಹಿಡಿಯಿಂದ ಎತ್ತಿ ಜೋರಾಗಿ ಅಲುಗಾಡಿಸಿ. ಸಿಲಿಂಡರ್ ಒಂದು ಬೆರಳಿನಷ್ಟು ಜಾರಿದರೂ ಬಿಚ್ಚಿ ಮತ್ತೆ ಬಿಗಿಯಿರಿ.

ಹಳೆಯ ಬ್ಯಾಂಡ್‌ನಿಂದ ಬಕಲ್ ಬಿಚ್ಚುವ ಮುನ್ನ ಪಟ್ಟಿ ಯಾವ ಕಂಡಿಯಿಂದ ಹೋಗಿ ಎಲ್ಲಿ ಬಂದಿದೆ ಎಂದು ಎರಡೂ ಬದಿಯಿಂದ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಒಂದು ಕಂಡಿ ತಪ್ಪಿದರೂ ಹಿಡಿತ ಹೋಗುತ್ತದೆ. ಬ್ಯಾಂಡ್‌ನ ಒಳಗೆ ರಬ್ಬರ್ ಪ್ಯಾಡ್ ಇದ್ದರೆ ಒಳ್ಳೆಯದು. ಒಂದು ಬ್ಯಾಂಡ್‌ಗಿಂತ ಎರಡು ವಾಸಿ. ಬಕಲ್‌ನಲ್ಲಿ ಸ್ಟೀಲ್‌ನದ್ದು ಹೆಚ್ಚು ಬಾಳುತ್ತದೆ. ಪ್ಲಾಸ್ಟಿಕ್‌ನದ್ದಾದರೆ ಪ್ರತಿ ಸಲ ಬಿರುಕು ಇದೆಯೇ ಎಂದು ಕೀಲಿನ ಹತ್ತಿರ ನೋಡಿ.

ಹಂತ 11: ತೊಳೆಯುವುದು, ಮಳೆಗಾಲ ಕಳೆಯುವುದು

ಸಮುದ್ರದಿಂದ ಬಂದ ದಿನವೇ ಸಿಹಿನೀರಿನಲ್ಲಿ ನೆನೆಹಾಕಿ. ಬರೀ ಪೈಪ್ ಹಿಡಿದರೆ ನೇಯ್ಗೆಯೊಳಗಿನ ಉಪ್ಪು ಹೋಗುವುದಿಲ್ಲ. ಒಣಗಿದ ಉಪ್ಪಿನ ಹರಳು ಒಳಗಿಂದ ಎಳೆಗಳನ್ನು ಉಜ್ಜುತ್ತದೆ. ಕಡಲ ಬದಿಯ ಬಾವಿಗಳಲ್ಲಿ ಏಪ್ರಿಲ್-ಮೇ ಹೊತ್ತಿಗೆ ನೀರು ಉಪ್ಪಾಗುವುದುಂಟು. ಆಗ ನಳ್ಳಿ ನೀರು ಬಳಸಿ. ನೆನೆದಿರುವಾಗಲೇ ಬಕಲ್‌ಗಳನ್ನು ತೆಗೆದು ಹಾಕಿ ಮಾಡಿ, ಮರಳು ಕೆಳಗಿಳಿಯುತ್ತದೆ.

ಬಿಸಿಲಿಗೆ ಹಾಕಬೇಡಿ. ಸಿಟ್‌ಔಟ್‌ನಲ್ಲೋ ಮಾಡಿನ ಅಡಿಯಲ್ಲೋ ಗಾಳಿಗೆ ತೂಗುಹಾಕಿ. ಬ್ಲೀಚ್ ಸೋಕಿಸಬೇಡಿ. ಕಾರಿನ ಡಿಕ್ಕಿಯಲ್ಲಿ ಹಳೆ ಬ್ಯಾಟರಿಯ ಹತ್ತಿರ ಇಡಬೇಡಿ, ಆಸಿಡ್ ತಾಗಿದರೆ ನೈಲಾನ್ ಬಲ ಕಳೆದುಕೊಳ್ಳುತ್ತದೆ. ಅಲ್ಯೂಮಿನಿಯಂ ಪ್ಲೇಟ್‌ಗೆ ಸ್ಟೀಲ್ ಬೋಲ್ಟ್ ಹಾಕಿದ್ದರೆ ಆ ಜಾಗವನ್ನು ಬಿಚ್ಚಿ ತೊಳೆಯಿರಿ. ಎರಡು ಲೋಹ ಉಪ್ಪುನೀರಿನಲ್ಲಿ ಸೇರಿದರೆ ಅಲ್ಯೂಮಿನಿಯಂ ಕರಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಡೈವಿಂಗ್ ಇಲ್ಲ, ಸಾಮಾನಿಗೆ ಕಷ್ಟಕಾಲವೂ ಅದೇ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಸಲು ಹಿಡಿಯುತ್ತದೆ. ಪೂರ್ತಿ ಒಣಗಿಸಿ, ಬಕಲ್‌ಗಳನ್ನು ತೆರೆದಿಟ್ಟು, ಗಾಳಿ ಆಡುವ ಕೋಣೆಯಲ್ಲಿ ತೂಗುಹಾಕಿ. ತಿಂಗಳಿಗೊಮ್ಮೆ ಕೀಲು ಆಡಿಸಿ. ಸ್ಟೀಲ್ ಮೇಲಿನ ಕಂದು ಕಲೆ ಲಿಂಬೆಹುಳಿಯಿಂದ ಉಜ್ಜಿದರೆ ಹೋಗುತ್ತದೆ. ಬಕಲನ್ನು ಪಟ್ಟಿಯಿಂದ ಬಿಚ್ಚಿಕೊಂಡು ಉಜ್ಜಿ, ಮೇಲೆ ಚೆನ್ನಾಗಿ ನೀರು ಹಾಕಿ.

ಅಕ್ಟೋಬರ್‌ನಲ್ಲಿ ಸಾಮಾನು ಹೊರತೆಗೆದಾಗ ಪಟ್ಟಿಯನ್ನು ಇಂಚಿಂಚಾಗಿ ಬೆರಳುಗಳ ನಡುವೆ ಎಳೆದು ನೋಡಿ. ಅಂಚಿನ ಎಳೆ ಕಡಿದಿದ್ದರೆ, ಉಜ್ಜಿದ ಜಾಗ ಗಾಜಿನಂತೆ ಹೊಳೆದು ಗಟ್ಟಿಯಾಗಿದ್ದರೆ, ಬಣ್ಣ ಮಾಸಿ ಪುಡಿ ಏಳುತ್ತಿದ್ದರೆ, ಹೊಲಿಗೆ ಬಿಟ್ಟಿದ್ದರೆ ಬದಲಿಸಿ. ಬಕಲ್ ಮತ್ತು ಸ್ಲೈಡರ್ ಒಳಗೆ ಅಡಗಿರುವ ಜಾಗವೇ ಮೊದಲು ಸವೆಯುವುದು, ಅದನ್ನು ಸರಿಸಿ ನೋಡಿ. ಪೂರ್ತಿ ಹಾರ್ನೆಸ್‌ನ ಪಟ್ಟಿಯ ಬೆಲೆ ಉಳಿದ ಸಾಮಾನಿನ ಮುಂದೆ ಏನೂ ಅಲ್ಲ.

ಹೊಸ ಪಟ್ಟಿ ತಂದಾಗ ಉಳಿದ ಒಂದು ಮೀಟರ್ ತುಂಡು, ಒಂದು ಸೊಂಟದ ಬಕಲ್, ಎರಡು ಸ್ಲೈಡರ್, ಒಂದು ಲೈಟರ್ ಇಷ್ಟನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಡೈವ್ ಬ್ಯಾಗಿನ ತಳದಲ್ಲಿಡಿ. ಬೆಳಿಗ್ಗೆ ಬೋಟ್ ಹೊರಡುವ ಹೊತ್ತಿಗೆ ಬಕಲ್ ಹೋದರೆ ಆ ಸಮಯದಲ್ಲಿ ತೆರೆದಿರುವ ಅಂಗಡಿ ಸಿಗುವುದು ಕಷ್ಟ.